ಮುಖ ನೋಡದೆ ದಾಟುವ ಊರು

ಬೆಂಗಳೂರಿಗೆ ಬಂದ ಮೂರನೆಯ ದಿನ ಬೆಳಿಗ್ಗೆ, ನಮ್ಮ ಮನೆ ಮಾಲೀಕನ ತಾಯಿ ಜಯಮ್ಮ ನನ್ನ ಮಣಿಕಟ್ಟು ಹಿಡಿದು, ಇನ್ನೊಂದು ಅಂಗೈಯನ್ನು ವಾಹನಗಳ ಕಡೆಗೆ ಚಾಚಿ, ಆರ್.ಟಿ. ನಗರದ ಮುಖ್ಯರಸ್ತೆಗೆ ನೇರವಾಗಿ ಇಳಿದುಬಿಟ್ಟರು. ಬಸ್ಸೊಂದು ಬರುತ್ತಿತ್ತು. ಅದರ ಹಿಂದೆ ಎರಡು ಆಟೋ, ಸಂದಿಗಳಲ್ಲೆಲ್ಲ ಸ್ಕೂಟರು. ನಾನು ಬಸ್ಸಿನ ಚಾಲಕನ ಮುಖ ನೋಡಿದೆ.

"ಮುಖ ನೋಡ್ಬೇಡ ಕಣಮ್ಮೋ," ಎಂದು ಜಯಮ್ಮ ಕೈ ಜಗ್ಗಿದರು. "ನೀನು ನೋಡಿದ್ರೆ, ಇವ್ಳು ನನ್ನ ನೋಡವ್ಳೆ, ಇವ್ಳೇ ನಿಂತ್ಕತಾಳೆ ಅಂತ ಬಂದ್ಬುಡ್ತಾನೆ. ಇಂಗೆ ಕೈ ಚಾಚ್ಬೇಕು, ನೆಲ ನೋಡ್ಕೊಂಡು ಓಗ್ತಾ ಇರ್ಬೇಕು."

ಬಸ್ಸು ನಿಂತಿತು. ಆಚೆ ಬದಿ ತಲುಪಿದ ಮೇಲೂ ನಾನು ಹಿಂದಿರುಗಿ ಆ ಬಸ್ಸನ್ನೇ ನೋಡುತ್ತಿದ್ದೆ. ಜಯಮ್ಮ ಆಗಲೇ ಒಂದು ಕಟ್ಟು ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದರು.

ನಾನು ಗದಗಿನ ಪಕ್ಕದ ಬೆಟಗೇರಿಯವಳು. ಅಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದೆ. ಲ್ಯಾಬ್ ಮುಚ್ಚಿತು; ಹೆಬ್ಬಾಳದ ಹತ್ತಿರದ ಇನ್ನೊಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ರೈಲಿನಲ್ಲಿ ನನ್ನ ಜೊತೆ ಬಂದದ್ದು ಎರಡು ಚೀಲ, ಒಂದು ಸೈಕಲ್ಲು. ಬೆಟಗೇರಿಯಲ್ಲಿ ಆ ಸೈಕಲ್ಲಿನ ಮೇಲೆ ನಾನು ಹೋಗದ ಓಣಿಯಿಲ್ಲ. ಯಶವಂತಪುರದಲ್ಲಿ ಇಳಿಸಿಕೊಂಡ ಮೇಲೆ ಹತ್ತಲು ಧೈರ್ಯ ಬರಲಿಲ್ಲ. ಮನೆಯವರೆಗೂ ತಳ್ಳಿಕೊಂಡೇ ಬಂದೆ.

ಮುಖ್ಯರಸ್ತೆಗೇ ಬಾಗಿಲಿರುವ ಮನೆ. ಕೆಳಗೆ ಜಯಮ್ಮ, ಅವರ ಮಗ ಮಂಜುನಾಥ. ಮೇಲೆ ನನ್ನ ಒಂದು ಕೋಣೆ, ಒಂದು ಅಡುಗೆಮನೆ. ಬಡಾವಣೆ ಎದ್ದಿರುವುದೇ ಅವರ ಹಳೆಯ ಹೊಲದ ಮೇಲೆ. ಮೊದಲ ವಾರ ಜಯಮ್ಮ ಮುದ್ದೆ, ಅವರೆಕಾಳು ಸಾರು ತಂದುಕೊಟ್ಟರು. ನಾನು ಮುದ್ದೆಯನ್ನು ರೊಟ್ಟಿಯಂತೆ ಅಗಿಯುವುದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಆ ಒಂದು ನಗುವಿನಿಂದ ಮೂರು ತಿಂಗಳು ಕಳೆದೆ ಎನ್ನಬಹುದು. ಲ್ಯಾಬಿನಲ್ಲಿ ಮಾತಾಡಿಸುವವರಿರಲಿಲ್ಲ, ನಾನು "ಹೌದ್ರಿ" ಅಂದರೆ ಸಾಕು, ಹಿಂದೆ ಯಾರೋ ಅದನ್ನೇ ಎಳೆದು ಹೇಳುತ್ತಿದ್ದರು.

ಬೆಟಗೇರಿಯಲ್ಲಿ ಫುಟ್‌ಪಾತ್ ಇಲ್ಲ, ಬೇಕಾಗಿಯೂ ಇಲ್ಲ. ದನ, ಸೈಕಲ್ಲು, ಜನ ಎಲ್ಲರೂ ರಸ್ತೆಯ ನಡುವೆಯೇ ಹೋಗುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿ ದಾರಿ ಬಿಡುತ್ತಾರೆ. ಇಲ್ಲಿ ಫುಟ್‌ಪಾತ್ ಇದೆ, ಆದರೆ ಅದು ನಡೆಯುವುದಕ್ಕಲ್ಲ. ಪ್ರತಿ ಮನೆಯವರೂ ತಮ್ಮ ಗೇಟಿನಿಂದ ರಸ್ತೆಯವರೆಗೆ, ಕಾರು ಹತ್ತಲೆಂದು, ಕಲ್ಲಿನ ಇಳಿಜಾರು ಕಟ್ಟಿಕೊಂಡಿದ್ದಾರೆ. ಅದಕ್ಕೆ ರಾಂಪು ಎನ್ನುತ್ತಾರೆ. ಬೆಳಿಗ್ಗೆ ಅದನ್ನು ತೊಳೆದು ರಂಗೋಲಿ ಹಾಕುತ್ತಾರೆ. ಅಂಗಳ ಕಳೆದುಕೊಂಡವರು ರಾಂಪನ್ನೇ ಅಂಗಳ ಮಾಡಿಕೊಂಡಿದ್ದಾರೆ. ತೊಳೆದ ಜಾರುಗಲ್ಲಿನ ಮೇಲೆ, ರಂಗೋಲಿ ತುಳಿದು ಯಾರು ನಡೆದಾರು? ಎಲ್ಲರೂ ರಸ್ತೆಗೆ ಇಳಿಯುತ್ತಾರೆ. ರಸ್ತೆಯಲ್ಲಿದ್ದವರು ಹಾರ್ನ್ ಹೊಡೆಯುತ್ತಾರೆ. ಈ ಊರಿನ ಮೇಲಿನ ನನ್ನ ಸಿಟ್ಟು ಆ ಕಲ್ಲುಗಳ ಮೇಲೆಯೇ ಹುಟ್ಟಿತು.

ಆ ವರ್ಷ ಪಾಲಿಕೆಯವರು ನಮ್ಮ ರಸ್ತೆಯನ್ನು ನಡೆಯುವವರಿಗೆ ಅನುಕೂಲವಾಗುವಂತೆ ಮಾಡುತ್ತೇವೆಂದು ಹೊರಟರು. ಅಗಲವಾದ, ಏರಿಳಿತವಿಲ್ಲದ ಫುಟ್‌ಪಾತ್, ಸೈಕಲ್ಲಿಗೆ ಒಂದು ಪಟ್ಟಿ, ನೆರಳಿರುವ ಬಸ್ ನಿಲ್ದಾಣ. ಜನರ ಅಭಿಪ್ರಾಯ ಕೇಳಲು ಸರ್ಕಾರಿ ಶಾಲೆಯಲ್ಲಿ ಸಭೆ ಕರೆದರು. ನಾನು ಹೋದೆ. ಹೋಗುವ ಮೊದಲು ಒಂದು ಕೆಲಸ ಮಾಡಿದೆ: ಮನೆಯಿಂದ ಬಸ್ ನಿಲ್ದಾಣದವರೆಗೆ ಎಷ್ಟು ಸಲ ಫುಟ್‌ಪಾತಿನಿಂದ ಕೆಳಗಿಳಿಯಬೇಕಾಗುತ್ತದೆ ಎಂದು ಎಣಿಸಿ, ಪ್ರತಿಯೊಂದಕ್ಕೂ ಕಾರಣ ಬರೆದುಕೊಂಡೆ. ಇಪ್ಪತ್ತಮೂರು ಸಲ.

ಸಭೆಯಲ್ಲಿ ಕೂಗಾಟ. ಹಾರ್ಡ್‌ವೇರ್ ಅಂಗಡಿಯವರು ಎದ್ದು, "ನಮ್ ಗಿರಾಕಿ ಸಿಮೆಂಟ್ ಮೂಟೇನ ಸೈಕಲ್ ಕ್ಯಾರಿಯರ್‌ಗೆ ಕಟ್ಕೊಂಡ್ ಹೋಗ್ತಾನಾ ಸಾರ್?" ಎಂದರು. ಎಲ್ಲರೂ ನಕ್ಕರು. ಇಂಜಿನಿಯರು, "ದಿನಾ ನಡೆದು ಓಡಾಡೋರು ಯಾರಾದ್ರೂ ಮಾತಾಡಿ," ಎಂದರು. ಯಾರೂ ಏಳಲಿಲ್ಲ. ನಾನು ಎದ್ದೆ.

ಲ್ಯಾಬಿನಲ್ಲಿ ಪಟ್ಟಿಯನ್ನು ಒಂದರಿಂದಲೇ ಓದುತ್ತೇವೆ. ಒಂದು ಸಂಖ್ಯೆ ಬಿಟ್ಟರೆ ಒಬ್ಬರ ರಕ್ತ ಇನ್ನೊಬ್ಬರದಾಗುತ್ತದೆ. ಆ ಅಭ್ಯಾಸದಲ್ಲೇ ಓದಿದೆ: "ಒಂದನೇದು, ನಾನು ಬಾಡಿಗೆಗೆ ಇರೋ ಮನೀ ರಾಂಪು. ಅದರ ಮ್ಯಾಲ ನಿಂತ ಕಾರು." ಎರಡರಿಂದ ಶುರುಮಾಡಬಹುದಿತ್ತು. ಅದು ಹೊಳೆದದ್ದು ಮೂರನೆಯ ಸಾಲಿನ ಬೆಂಚಿನಿಂದ ಮಂಜುನಾಥ ಎದ್ದು ನಿಂತಾಗ.

"ನೋಡ್ ಗುರು, ಬಾಡಿಗೆಗೆ ಬಂದೋರು ನಮ್ ಬಾಗ್ಲನ್ನೇ ಲಿಸ್ಟ್ ಹಾಕ್ತಾರೆ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಮ್ ತಾತ ರಾಗಿ ಬೆಳೆದ ನೆಲ ಮೇಡಂ ಇದು. ಫುಟ್‌ಪಾತ್ ಯಾವಾಗ್ ಬಂತು, ನೀವ್ ಯಾವಾಗ್ ಬಂದ್ರಿ?"

ಉಳಿದ ಇಪ್ಪತ್ತೆರಡನ್ನು ಕೂಗಾಟದ ನಡುವೆಯೇ ಓದಿ ಕುಳಿತೆ.

ಮರುದಿನ ಸೈಕಲ್ಲಿನ ಎರಡೂ ಗಾಲಿಯಲ್ಲಿ ಗಾಳಿಯಿರಲಿಲ್ಲ. ಅದರ ಮರುದಿನವೂ. ಅಂಗಡಿಯ ಕಟ್ಟೆಯಿಂದ, "ಇಂಜಿನಿಯರ್ ಮೇಡಂ ಬಂದ್ರು, ಕಾಲ್ ಎತ್ಕೊಳ್ರೋ, ಅಳ್ತೆ ತಗೊಂಡ್ಬಿಡ್ತಾರೆ!" ಎಂಬ ಕೂಗು. ಸಾರು ಬರುವುದು ನಿಂತಿತು. ಮಂಜುನಾಥ ಮೆಟ್ಟಿಲ ಮೇಲೆ ಸಿಕ್ಕು, ತಿಂಗಳ ಕೊನೆಗೆ ಬೇರೆ ಮನೆ ನೋಡಿಕೊಳ್ಳಿ ಎಂದ. ಈ ಊರಿನಲ್ಲಿ ನನಗೆ ಗೊತ್ತಿದ್ದದ್ದು ಆ ಒಂದೇ ಮನೆ.

ಮನೆ ಬಿಡಲು ಹನ್ನೊಂದು ದಿನ ಬಾಕಿಯಿದ್ದಾಗ ನಡೆದದ್ದನ್ನು ಕಂಡಷ್ಟೇ ಬರೆಯುತ್ತೇನೆ. ಬೆಳಿಗ್ಗೆ ಏಳೂವರೆ. ನಾನು ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಮಂಜುನಾಥನ ಕಾರು ರಾಂಪಿನ ಮೇಲೆ, ಫುಟ್‌ಪಾತಿಗೆ ಅಡ್ಡವಾಗಿ ನಿಂತಿತ್ತು. ನಮ್ಮ ಬದಿಯಲ್ಲೇ ಕೂರುವ ಹೂವಿನವಳ ಹತ್ತಿರ ಹೊರಟ ಜಯಮ್ಮ ಕಾರನ್ನು ಸುತ್ತಿ ಹೋಗಲು ರಸ್ತೆಗೆ ಇಳಿದರು. ವಾಹನಗಳು ಬರುವುದು ಬಲಗಡೆಯಿಂದ. ಬಲಗೈ ಚಾಚಿದರು, ನೆಲ ನೋಡಿದರು. ಬಲಗಡೆಯ ಆಟೋ ನಿಂತಿತು. ಸ್ಕೂಟರೊಂದು ಎಡಗಡೆಯಿಂದ, ವಿರುದ್ಧ ದಿಕ್ಕಿನಲ್ಲಿ ಬಂತು. ಜಯಮ್ಮ ಅದನ್ನು ನೋಡಲಿಲ್ಲ. ನಾನು ನೋಡಿದೆ. ಬಾಯಿ ತೆರೆದೆ, ಧ್ವನಿ ಬಂತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಬಿದ್ದಾಗಲೂ ಅವರ ಬಲಗೈ ಚಾಚಿಯೇ ಇತ್ತು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯ ಜಗಲಿಯಲ್ಲಿ ಮಂಜುನಾಥ ನನ್ನ ಪಕ್ಕ ಬಂದು ಕುಳಿತ. ಕಣ್ಣುಗಳು ಕೆಂಪಾಗಿದ್ದವು.

"ಮೇಡಂ, ಪೊಲೀಸ್ನೋರು ಕೇಳ್ತಾರೆ. ಸ್ಕೂಟರ್ ವಿಷ್ಯ ಹೇಳಿ. ಕಾರ್ ಯಾಕೆ ಮಧ್ಯ ತರ್ಬೇಕು? ನೀವು ಮನೆ ಖಾಲಿ ಮಾಡೋದೂ ಬೇಡ."

ನನಗೆ ಮನೆ ಬೇಕಿತ್ತು. ಪೊಲೀಸರು ಬಂದಾಗ ಸ್ಕೂಟರಿನ ಬಣ್ಣ, ಬಂದ ದಿಕ್ಕು, ಆಟೋ ನಿಂತ ಜಾಗ ಹೇಳಿದೆ. ಅವರು ಬರೆದುಕೊಂಡು, "ಅಜ್ಜಿ ಫುಟ್‌ಪಾತ್ ಬಿಟ್ಟು ರೋಡಿಗೆ ಯಾಕೆ ಇಳಿದ್ರು?" ಎಂದರು. ಮಂಜುನಾಥ ನೆಲ ನೋಡುತ್ತಿದ್ದ.

"ಫುಟ್‌ಪಾತ್ ಮ್ಯಾಲ ಕಾರು ಇತ್ತ್ರೀ," ಎಂದೆ.

ತಿಂಗಳ ಕೊನೆಗೆ ಮನೆ ಬಿಟ್ಟೆ. ಯಲಹಂಕದಲ್ಲಿ ಬೇರೆ ಕೋಣೆ ಸಿಕ್ಕಿತು, ಮೂರನೆಯ ಮಹಡಿ. ಆರ್.ಟಿ. ನಗರದ ರಾಂಪುಗಳನ್ನು ಆಮೇಲೆ ಒಡೆದರು. ಒಂದು ಭಾನುವಾರ ಹಣ್ಣು ತೆಗೆದುಕೊಂಡು ಹೋದೆ. ಜಯಮ್ಮ ನಾಲ್ಕು ಕಾಲಿನ ಊರುಗೋಲು ಹಿಡಿದು, ಹೊಸ ಸಮತಟ್ಟಾದ ಫುಟ್‌ಪಾತಿನ ಮೇಲೆ ಹೂವಿನವಳವರೆಗೆ ಹೋಗಿ ವಾಪಸ್ ಬರುತ್ತಿದ್ದರು. ಒಂದೇ ಒಂದು ಸಲವೂ ಕೆಳಗಿಳಿಯಬೇಕಾಗಲಿಲ್ಲ, ನಾನು ಎಣಿಸಿದೆ.

"ನಮ್ ಬಾಗ್ಲು ಒಡ್ಸಿದ್ ಮಹಾತಾಯಿ," ಎಂದರು ನನ್ನನ್ನು ಕಂಡು. "ರಂಗೋಲಿ ಆಕಕ್ಕೂ ಜಾಗ ಇಲ್ದಂಗ್ ಮಾಡ್ದಲ್ಲೇ."

ಹಣ್ಣು ತೆಗೆದುಕೊಳ್ಳಲಿಲ್ಲ. ಒಳಗೆ ಕರೆಯಲೂ ಇಲ್ಲ. ಗೇಟು ಮುಚ್ಚಿಕೊಂಡು ಹೋದರು. ಆ ಫುಟ್‌ಪಾತಿನ ಮೇಲೆ, ಈ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಯಾರಿಗೂ ಹೆದರದೆ, ಬಸ್ ನಿಲ್ದಾಣದವರೆಗೆ ಒಬ್ಬಳೇ ನಡೆದೆ. ಗೆದ್ದೆ ಅನ್ನಿಸಲಿಲ್ಲ.

ಕಳೆದ ತಿಂಗಳು ತಂಗಿಯ ಮನೆಗೆಂದು ಬೆಟಗೇರಿಗೆ ಹೋಗಿದ್ದೆ. ಮಧ್ಯಾಹ್ನ, ಓಣಿ ಹೆಚ್ಚುಕಡಿಮೆ ಖಾಲಿ. ಆಚೆ ಬದಿಯ ಕಿರಾಣಿ ಅಂಗಡಿಗೆ ಹೋಗಬೇಕಿತ್ತು. ಎರಡು ಹೆಜ್ಜೆ ಇಟ್ಟಿದ್ದೆ, ಬ್ರೇಕು ಕಿರ್ರೆಂದಿತು. ನೂಲಿನ ಗಂಟು ಹೇರಿಕೊಂಡ ಮುದುಕನೊಬ್ಬ ಸೈಕಲ್ಲಿನಿಂದ ಇಳಿದು ನಿಂತಿದ್ದ.

"ಯಾಕ್ರೀ ಅಕ್ಕಾರ, ಕೈ ಮಾಡಿದ್ರಿ? ಏನ್ ಬೇಕಾಗಿತ್ತು?"

ತಲೆಯೆತ್ತಿದೆ. ಅವನು ನನ್ನ ಮುಖ ನೋಡಿದ. "ಅಯ್ಯ, ಲ್ಯಾಬಿನ ಅಕ್ಕಾರು! ಯಾವಾಗ ಬಂದ್ರಿ?" ಎಂದು ನಕ್ಕ. ಉತ್ತರ ಕೇಳಲೆಂದು ಗಂಟಿನ ಭಾರವನ್ನು ಸೊಂಟಕ್ಕೆ ಆನಿಸಿಕೊಂಡು ನಿಂತ. ನನ್ನ ಬಲಗೈ ಇನ್ನೂ ಅವನ ಕಡೆಗೆ ಚಾಚಿಯೇ ಇತ್ತು. ಅದನ್ನು ಇಳಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.