ಸೋಮವಾರ ಬಿಟ್ಟು ಬೇರೆ ದಿನ

ನಾನು ಬರೆದಷ್ಟು ವಿನಯದ ಪತ್ರಗಳನ್ನು ನಮ್ಮ ಕಡೆ ಬೇರೆ ಯಾರೂ ಬರೆದಿರಲಿಕ್ಕಿಲ್ಲ. ಅದಕ್ಕೇ ಇರಬೇಕು, ಈಗಲೂ ಯಾರಾದರೂ ‘ದಯಮಾಡಿ’ ಎಂದರೆ ನನಗೆ ಮೈ ಉರಿಯುತ್ತದೆ. ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದ ಹೊಸತರಲ್ಲಿ ಜಮಖಂಡಿಯ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಸುತ್ತಿನ ತಾಲೂಕುಗಳ ಹೊಲದ ತಕರಾರುಗಳು ಅಲ್ಲಿಗೆ ಬರುತ್ತಿದ್ದವು. ಸಾಹೇಬರು ಯಾರನ್ನು ಯಾವ ದಿನ ಕಾಣುತ್ತಾರೆ ಎಂದು ಪತ್ರ ಬರೆಯುವುದು, ಆ ದಿನ ಒಪ್ಪಿಗೆಯೆಂದು ರುಜು ತರಿಸಿ ಫೈಲಿಗೆ ಹಚ್ಚುವುದು ನನ್ನ ಕೆಲಸ.

ಪತ್ರದ ಒಕ್ಕಣೆ ನನಗೆ ಇನ್ನೂ ಬಾಯಿಪಾಠ. ‘ತಮ್ಮ ಅನುಕೂಲವನ್ನು ಲಕ್ಷ್ಯದಲ್ಲಿಟ್ಟು ಈ ಕೆಳಗಿನ ದಿನವನ್ನು ಗೊತ್ತುಪಡಿಸಲಾಗಿದೆ. ತಾವು ತಪ್ಪದೆ ದಯಮಾಡಿಸಬೇಕಾಗಿ ವಿನಂತಿ.’ ಅದರ ಕೆಳಗೊಂದು ಚೀಟಿ, ‘ಮೇಲ್ಕಂಡ ದಿನ ನನಗೆ ಒಪ್ಪಿಗೆ ಇದೆ.’ ಊರ ವಾಲೀಕಾರ ಪತ್ರ ಮುಟ್ಟಿಸಿ, ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿಸಿ, ಅದನ್ನು ಹರಿದು ತರುತ್ತಿದ್ದ. ಚೀಟಿಯಲ್ಲಿ ದಿನ ಬರೆಯುವ ಪದ್ಧತಿ ಇರಲಿಲ್ಲ. ಅಕ್ಷರ ಬಾರದವರ ಹೆಬ್ಬೆಟ್ಟು ಪಡೆದು ಅವರ ಅನುಕೂಲ ನೋಡಿದ್ದೇವೆಂದು ಅವರಿಂದಲೇ ಹೇಳಿಸುವ ಈ ಜಾಣತನ ಯಾರ ತಲೆಯದೋ, ಅವನ ವಂಶ ಬೆಳಗಲಿ.

ದಿನ ಕೊಡುತ್ತಿದ್ದವರು ಅವ್ವಲ ಕಾರಕೂನರು, ಅಂದರೆ ನಮ್ಮೆಲ್ಲರ ಮೇಲಿನ ಹಿರಿಯ ಗುಮಾಸ್ತರು. ತೆಳ್ಳಗಿನ, ಶುಭ್ರ ಧೋತರದ, ಎಂದೂ ದನಿ ಏರಿಸದ ಮನುಷ್ಯ. ನಾನು ಅವರನ್ನು ದ್ವೇಷಿಸುತ್ತಿದ್ದೆ. ಅವರು ಹಳ್ಳಿಯವರಿಗೆಲ್ಲ ಹುಡುಕಿ ಹುಡುಕಿ ಸೋಮವಾರವನ್ನೇ ಕೊಡುತ್ತಿದ್ದರು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಮನೆ ಸುಡುತ್ತಿದ್ದರೂ ನನ್ನ ಅಪ್ಪ ಅಂದು ಚಕ್ಕಡಿ ಹೂಡುತ್ತಿರಲಿಲ್ಲ. ರಬಕವಿ-ಬನಹಟ್ಟಿಯ ನೇಕಾರರು ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ಬಸ್ಸಿನ ಮುಖ ಕಾಣದ ಊರುಗಳವರು ಕಾಲಿದ್ದರೆ ನಡೆದು ಬರಬೇಕು, ಇಲ್ಲದಿದ್ದರೆ ಮನೆಯಲ್ಲಿರಬೇಕು. ಬಾರದವರ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಬರೆದರೆ ಫೈಲು ಮುಗಿಯಿತು. ನಮ್ಮ ಕಚೇರಿ ಬಹಳ ಚುರುಕು ಎಂದು ಮೇಲಿನವರಿಂದ ಶಾಬಾಸಕಿ ಬರುತ್ತಿತ್ತು.

ಒಮ್ಮೆ ಧೈರ್ಯ ಮಾಡಿ ಈ ಮಾತು ಎತ್ತಿದೆ.

“ಸರ್ಕಾರಕ್ಕ ಎತ್ತಿಲ್ಲ, ಸೋಮವಾರನೂ ಇಲ್ಲ,” ಎಂದರು ಅವರು, ಅಡಿಕೆ ಕತ್ತರಿಸುತ್ತ. “ದಿನಾ ಕೊಡಾಂವ ನಾ. ನೀ ಬರಿಯಾಂವ. ಬರಿ.”

ಬರೆದೆ. ಎರಡು ವರ್ಷ ಹಲ್ಲು ಕಚ್ಚಿ ಬರೆದೆ.

ಆಮೇಲೆ ಬೀಳಗಿ ಕಡೆಯ ಒಬ್ಬ ಮುದುಕಿ ಬಂದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಗಂಡನ ನಾಲ್ಕು ಎಕರೆ ಎರೆಹೊಲಕ್ಕೆ ಅವಳ ಹೆಸರು ಹಚ್ಚುವ ಹೊತ್ತಿಗೆ ಮುಧೋಳದಲ್ಲಿ ಅಂಗಡಿ ಇಟ್ಟಿದ್ದ ಮೈದುನ ಅಡ್ಡ ಬಂದಿದ್ದ. ಸಾಹೇಬರು ಇಬ್ಬರನ್ನೂ ಎದುರಿಗೆ ಕೇಳಿ ತೀರ್ಮಾನ ಮಾಡಬೇಕು. ಅವಳು ಬಾರದಿದ್ದರೆ ಹೊಲ ಮೈದುನನದು. ಅವಳ ಎರಡೂ ಮೊಣಕಾಲು ಊದಿದ್ದವು. ನೆರೆಯವನ ಚಕ್ಕಡಿಯಿಂದ ಇಳಿದು ನಮ್ಮ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಮೂರು ಸಲ ಕೂತಳು. ಸೀದಾ ನನ್ನ ಮೇಜಿನ ಹತ್ತಿರ ಬಂದಳು.

“ತಮ್ಮಾ, ದಿನಾ ನೀನ ಬರಿತೀಯಂತ. ಸೋಮಾರ ಒಂದ ಬಿಟ್ಟು ಯಾವತ್ತರ ಬರಿಯಪಾ. ನಡದ ಬರಾಕ ಆಗೂದಿಲ್ಲ. ಐತಾರ ಬಂದು ಮಂಗಳಾರ ಹೋಗೂನು ಅಂದ್ರ ಬಿತ್ತಿಗಿ ದಿನ, ಎತ್ತಿನಾಂವ ಮೂರ ದಿನ ಯಾಕ ಬಿಟ್ಟಾನು?”

“ಆಗ್ಲಿ ಯವ್ವಾ,” ಎಂದೆ. ಯಾವ ಅಧಿಕಾರದಿಂದ ಎಂದೆನೋ ದೇವರಿಗೇ ಗೊತ್ತು.

ಮರುದಿನ ಮೈದುನ ಬಂದು ಅವ್ವಲ ಕಾರಕೂನರ ಪಕ್ಕ ಕೂತು ಎಲೆ-ಅಡಿಕೆ ಹಾಕಿಕೊಂಡು ಹೋದ. ಅವನು ಹೋದ ಮೇಲೆ ದಿನ ನನ್ನ ಮೇಜಿಗೆ ಬಂತು. ಸೋಮವಾರ. ನನ್ನ ತಲೆ ಕೆಟ್ಟಿತು. ಕಚೇರಿಯ ನಕಲಿನಲ್ಲಿ, ಮೈದುನನ ಪತ್ರದಲ್ಲಿ ಸೋಮವಾರ ಎಂದೇ ಬರೆದೆ. ಮುದುಕಿಗೆ ಹೋಗುವ ಪತ್ರದಲ್ಲಿ ಮಂಗಳವಾರ ಎಂದು ಬರೆದೆ. ನಡುವೆ ಎಂಟು ದಿನವಿತ್ತು. ಅಷ್ಟರಲ್ಲಿ ನಾನೇ ಸಾಹೇಬರ ಮುಂದೆ ನಿಂತು, ಈ ಕಚೇರಿಯಲ್ಲಿ ಸೋಮವಾರದ ಹೆಸರಿನಲ್ಲಿ ಏನು ನಡೆದಿದೆ ಎಂದು ಬಿಡಿಸಿ ಹೇಳಿ, ಅವಳ ದಿನವನ್ನು ಒಂದು ದಿನ ಮುಂದೆ ಹಾಕಿಸುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ವಾಲೀಕಾರ ಹೆಬ್ಬೆಟ್ಟು ಒತ್ತಿದ ಚೀಟಿ ತಂದ. ಒಪ್ಪಿಗೆ ಇದೆ.

ಮೊದಲ ದಿನ ಸಾಹೇಬರ ಬಾಗಿಲ ತನಕ ಹೋಗಿ ಬಂದೆ. ಎರಡನೆಯ ದಿನ ಅವರು ಕೆಲಸದಲ್ಲಿದ್ದರು. ಮೂರನೆಯ ದಿನ ಬಿಡುವಾಗಿದ್ದರು, ನಾನು ಹೋಗಲಿಲ್ಲ. ಆಮೇಲೆ ಅವರು ಹಳ್ಳಿಗಳ ಕಡೆ ಫಿರತಿ ಹೋದರು. ಶನಿವಾರ ವಾಪಸು ಬಂದಾಗ, ನಾನು ಸಹಿಗೆ ಒಯ್ದ ಕಾಗದಗಳಿಗೆ ಕೈ ಚಾಚಿ, “ಏನರ ಹೇಳೂದೈತೇನು?” ಎಂದು ತಾವಾಗಿಯೇ ಕೇಳಿದರು. ನಾನು “ಇಲ್ರಿ” ಎಂದೆ. ಅವ್ವಲ ಕಾರಕೂನರು ಆ ಕೋಣೆಯಲ್ಲಿ ಇರಲೂ ಇಲ್ಲ. ಆದ್ದರಿಂದ ಅವರ ಮೇಲೆ ಹೇಳಿ ಪಾರಾಗುವ ಹಾಗಿಲ್ಲ.

ಸೋಮವಾರ ಪಟ್ಟೇವಾಲಾ ಬಾಗಿಲಲ್ಲಿ ನಿಂತು ಮುದುಕಿಯ ಹೆಸರನ್ನು ಮೂರು ಸಲ ಕೂಗಿದ. ಮೈದುನ ಹೊಸ ರುಮಾಲು ಸುತ್ತಿಕೊಂಡು ಒಳಗೆ ನಿಂತಿದ್ದ. ಸಾಹೇಬರು ಫೈಲು ತಿರುವಿ ಹೆಬ್ಬೆಟ್ಟಿನ ಚೀಟಿ ನೋಡಿದರು. ಒಪ್ಪಿಕೊಂಡೂ ಬಂದಿಲ್ಲ ಎಂದರು. ಈಗಲಾದರೂ ಎದ್ದು ನಿಲ್ಲು ಎಂದು ನನ್ನ ಕಾಲಿಗೆ ನಾನೇ ಹೇಳಿದೆ. ಕಾಲು ಏಳಲಿಲ್ಲ. ‘ಗೈರುಹಾಜರು’ ಎಂದು ಬರೆದವನು ನಾನೇ.

ಮಂಗಳವಾರ ಹತ್ತು ಗಂಟೆಗೆ ಅವಳ ಚಕ್ಕಡಿ ಬಂತು. ಮಡಿಚಿ ಮಡಿಚಿ ಸಣ್ಣದು ಮಾಡಿದ ಪತ್ರವನ್ನು ಉಡಿಯಿಂದ ತೆಗೆದು ಅವ್ವಲ ಕಾರಕೂನರ ಕೈಗೆ ಕೊಟ್ಟಳು. ಅವರು ಓದಿದರು. ಮತ್ತೊಮ್ಮೆ ಓದಿದರು. ಎದ್ದು ನನ್ನ ಮೇಜಿಗೆ ಬಂದು ಪತ್ರವನ್ನು ನನ್ನ ಮುಂದೆ ಬಿಚ್ಚಿಟ್ಟರು. ಅಷ್ಟು ವರ್ಷ ನನ್ನನ್ನು ‘ನೀ’ ಎಂದಿದ್ದವರು ಅವತ್ತು ಬಹುವಚನ ಹಚ್ಚಿದರು.

“ಇದು ನಿಮ್ಮ ಅಕ್ಷರ ಏನ್ರಿ?”

ಹೌದು ಎಂದಿದ್ದರೆ ಆ ಪತ್ರ ಸಾಹೇಬರ ಮುಂದೆ ಹೋಗುತ್ತಿತ್ತು. ನನ್ನ ನೌಕರಿ ಹೋಗುತ್ತಿತ್ತು. ಸೋಮವಾರದ ಕಥೆಯೂ ಹೊರಬೀಳುತ್ತಿತ್ತು. ಅವಳ ಹೊಲ ಉಳಿಯುತ್ತಿತ್ತು. ಅವರಿಗೂ ಅದು ಗೊತ್ತಿತ್ತು, ಅದಕ್ಕೇ ಅಷ್ಟು ಮೆತ್ತಗೆ ಕೇಳಿದರು.

“ಅಲ್ರಿ,” ಎಂದೆ.

“ಹಂಗಾರ ಆತು,” ಎಂದು ಪತ್ರವನ್ನು ಮಡಿಚಿ ತಮ್ಮ ಕೋಟಿನ ಕಿಸೆಗೆ ಹಾಕಿಕೊಂಡರು. ಆ ದಿನದಿಂದ ಅವರು ನನಗೆ ಒಂದೂ ಬಿರುಸು ಮಾತು ಆಡಲಿಲ್ಲ. ಅದಕ್ಕಾಗಿ ಅವರನ್ನು ಇನ್ನಷ್ಟು ದ್ವೇಷಿಸಿದೆ. ನನ್ನನ್ನು ನಾನೇ ದ್ವೇಷಿಸಲು ಬೇರೆ ಯಾರ ಸಹಾಯವೂ ಬೇಕಾಗಲಿಲ್ಲ.

ಅಂಗಳಕ್ಕೆ ಹೋಗಿ ಅವಳಿಗೆ ತಿಳಿಸುವ ಕೆಲಸವೂ ನನಗೇ ಬಂತು. ಚಕ್ಕಡಿಯ ನೆರಳಲ್ಲಿ ಕೂತಿದ್ದಳು. ಸಾಹೇಬರು ಇವತ್ತು ನೋಡುವುದಿಲ್ಲ ಎಂದಷ್ಟೇ ಹೇಳಲಿಕ್ಕೆ ನನಗೆ ಬಾಯಿ ಬಂತು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ದೊಡ್ಡವರಿಗೆ ನೂರು ಕೆಲಸ ಎಂದಳು. ಗಾಲಿ ಹಿಡಿದು ಎದ್ದು ನಿಂತು ನನ್ನ ಗಲ್ಲ ಮುಟ್ಟಿದಳು.

“ನೀನರ ಮುದಕಿ ಮಾತ ನೆನಪಿಟ್ಟು ಸೋಮಾರ ತಪ್ಪಿಸಿದಿ. ನಿನ್ನ ಹೊಟ್ಟಿ ತಣ್ಣಗಿರ್ಲಿ, ತಮ್ಮಾ. ಮತ್ತ ಯಾವತ್ತ ಬರ್ಲಿ?”

“ಪತ್ರ ಬರಿತೀವಿ ಯವ್ವಾ,” ಎಂದೆ.