ಹೊರಳುವುದು ಬೇರೆ, ನೋಡುವುದು ಬೇರೆ

ಈಗಲೂ ಬ್ಯಾಂಕಿನ ಹೊರಗೆ ಯಾವುದಾದರೂ ಗಾಡಿ ಗಕ್ಕನೆ ಬ್ರೇಕ್ ಹಾಕಿದರೆ ನನ್ನ ಬೆರಳುಗಳು ಕೀಬೋರ್ಡಿನ ಮೇಲೆಯೇ ನಿಂತುಬಿಡುತ್ತವೆ. ನಾಸಿಕ್‌ನ ನಮ್ಮ ಮನೆಯ ಮುಂದಿನ ರಸ್ತೆ ಕಣ್ಣ ಮುಂದೆ ಬರುತ್ತದೆ. ನಾನು ಗೇಟಿನ ಹತ್ತಿರ ನಿಂತಿದ್ದೇನೆ. ಅವ್ವ ಜೋಳದ ಡಬ್ಬಿ ಹಿಡಿದು ಎದುರಿನ ಹಿಟ್ಟಿನ ಗಿರಣಿಗೆ ಹೊರಟಿದ್ದಾಳೆ. ಬಲಗಡೆಯಿಂದ ಸಟಾಣಾದ ಈರುಳ್ಳಿ ಹೇರಿಕೊಂಡ ಟೆಂಪೋ ಬರುತ್ತಿದೆ. ಅವ್ವ ಬಲಕ್ಕೆ ಹೊರಳುತ್ತಾಳೆ. ಅವಳ ಮುಖ ಸರಿಯಾಗಿ ಟೆಂಪೋದ ಕಡೆಗೇ ಇದೆ. ಆದರೂ ರಸ್ತೆಗೆ ಇಳಿಯುತ್ತಾಳೆ.

ಡ್ರೈವರ್ ಪುಣ್ಯಾತ್ಮ. ಗಾಡಿ ಅವಳ ಸೆರಗಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಜೋಳ ಎಲ್ಲ ರಸ್ತೆಯ ಪಾಲಾಯಿತು. ನಾನು ಓಡಿಹೋಗಿ ಅವಳ ರಟ್ಟೆ ಹಿಡಿದು, "ಅಷ್ಟು ದೊಡ್ಡ ಟೆಂಪೋ ಕಾಣಲಿಲ್ಲೇನವ್ವಾ?" ಎಂದೆ.

"ಯಾವ ಟೆಂಪೋ?" ಎಂದಳು ಅವ್ವ.

ಅದಕ್ಕೆ ಕೆಲವು ತಿಂಗಳ ಹಿಂದೆ ಅವಳಿಗೆ ಸಣ್ಣದೊಂದು ಸ್ಟ್ರೋಕ್ ಆಗಿತ್ತು. ಕೈಕಾಲು ಉಳಿದವು, ಮಾತು ಉಳಿಯಿತು. ಎರಡೂ ಕಣ್ಣುಗಳಲ್ಲಿ ಬಲಗಡೆಯ ಅರ್ಧ ನೋಟ ಮಾತ್ರ ಹೋಯಿತು. ಕಣ್ಣುಗಳು ಚೆನ್ನಾಗಿಯೇ ಇವೆ, ನೋಡಿದ್ದನ್ನು ಅರಿಯುವ ಮಿದುಳಿನ ಭಾಗಕ್ಕೆ ಪೆಟ್ಟಾಗಿದೆ ಎಂದಿದ್ದರು ಡಾಕ್ಟರು. ಆ ಕಡೆ ಕತ್ತಲೆ ಕಾಣುತ್ತದೆಯೇ ಎಂದು ನಾನೊಮ್ಮೆ ಕೇಳಿದ್ದೆ.

"ನಿನ್ನ ಬೆನ್ನ ಹಿಂದ ನಿನಗ ಕತ್ತಲಿ ಕಾಣತದೇನು? ಇಲ್ಲಲ್ಲ? ಹಂಗ. ಏನೂ ಇಲ್ಲಷ್ಟ."

ಅಂದಿನಿಂದ ಅವಳು ಒಬ್ಬಳೇ ಗಿರಣಿಗೆ ಹೋಗುವುದನ್ನು ನಾನು ನಿಲ್ಲಿಸಿದೆ. ಅವಳಿಗೆ ಗಿರಣಿ ಎಂದರೆ ಬರೀ ಹಿಟ್ಟಲ್ಲ. ಕಟ್ಟಡದ ಕೆಲಸಕ್ಕೆಂದು ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ನಾನು ಬ್ಯಾಂಕಿಗೆ ಹೋದ ಮೇಲೆ ಮರಾಠಿ ಬಾರದ ಅವಳಿಗೆ ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಅಲ್ಲಿ ಮಾತ್ರ. ನಮ್ಮ ಬಾಗಲಕೋಟೆಯ ಅಕ್ಕ ಫೋನ್ ಮಾಡಿದಾಗಲೆಲ್ಲ ಅವ್ವ ನನಗೆ ಕೇಳುವಂತೆಯೇ ಹೇಳುತ್ತಿದ್ದಳು: "ಆರಾಮ ಅದೀನಿ. ಮಗಳು ಜೈಲಿನ್ಯಾಗ ಇಟ್ಟಾಳ. ಊಟ ಮಾತ್ರ ಛಲೋ ಕೊಡತಾಳ."

ನನ್ನ ಭಯ ಟೆಂಪೋದ್ದಷ್ಟೇ ಆಗಿರಲಿಲ್ಲ. ಆ ಕಡೆಗೇ ಮುಖ ಮಾಡಿ, ನೋಡಿಯೂ ಹೆಜ್ಜೆ ಇಟ್ಟಳಲ್ಲ, ಇವಳ ಬುದ್ಧಿಯೇ ಜಾರುತ್ತಿದೆಯೇನೋ ಎಂಬ ಅನುಮಾನ ನನ್ನನ್ನು ಒಳಗಿಂದ ತಿನ್ನುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಔರಂಗಾಬಾದಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಇಂಥವರಿಗೆ ಹೊಸ ಯಂತ್ರದಲ್ಲಿ ತರಬೇತಿ ಕೊಡುತ್ತಾರೆಂದು ತಿಳಿಯಿತು. ಶನಿವಾರ ರಜೆ ಸಿಕ್ಕಾಗಲೆಲ್ಲ ಬೆಳಗಿನ ಬಸ್ಸು ಹಿಡಿದು ಯೇವಲಾ, ವೈಜಾಪುರ ದಾಟಿ ಹೋಗುತ್ತಿದ್ದೆವು. ಅವ್ವನಿಗೆ ಎಡಗಡೆಯ ಕಿಟಕಿಯೇ ಆಗಬೇಕು. ಬಲಗಡೆ ಕೂತರೆ ಟಿಕೆಟ್ಟಿನ ರೊಕ್ಕ ದಂಡ ಎನ್ನುತ್ತಿದ್ದಳು.

ಯಂತ್ರವೆಂದರೆ ಕಣ್ಣಿಗೆ ಕಟ್ಟುವ ದಪ್ಪನೆಯ ಪೆಟ್ಟಿಗೆಯಂಥ ಕನ್ನಡಕ. ಹಾಕಿಕೊಂಡವರಿಗೆ ಒಳಗೊಂದು ರಸ್ತೆ ಕಾಣುತ್ತದೆ. ಅಂಗಡಿ, ಗಾಡಿ, ಜನ ಎಲ್ಲ ಇರುತ್ತವೆ. ಕತ್ತು ತಿರುಗಿಸಿದರೆ ರಸ್ತೆಯೂ ತಿರುಗುತ್ತದೆ. ಅದೇ ರಸ್ತೆ ಹೊರಗಿನ ಪರದೆಯ ಮೇಲೆ ನಮಗೂ ಕಾಣುತ್ತದೆ. ಹಾಕಿಕೊಂಡವರ ನೋಟ ಎಲ್ಲಿ ನೆಟ್ಟಿದೆಯೋ ಅಲ್ಲಿ ಒಂದು ಹಸಿರು ಚುಕ್ಕೆ ಓಡಾಡುತ್ತಿರುತ್ತದೆ.

ತರಬೇತಿ ಕೊಡುವವಳು ಮರಾಠಿ ಹುಡುಗಿ, ನಗುಮೊಗದವಳು. ಮೊದಲ ದಿನ ಬಲಗಡೆಗೆ ಕೈ ತೋರಿಸಿ, "ಆಜಿ, ತಿಕಡೆ ಬಘಾ" ಎಂದಳು. ಅಜ್ಜಿ, ಆ ಕಡೆ ನೋಡಿ ಎಂದು ಅದರ ಅರ್ಥ. ನಮ್ಮ ಊರಿನ ಕಿವಿಗೆ 'ತಿಕಡೆ' ಎಂಬುದು ಮೈಯಲ್ಲಿ ಕೂರುವ ಜಾಗವಾಗಿಯೂ 'ಬಘಾ' ಎಂಬುದು ಬಗ್ಗು ಎಂದೂ ಕೇಳಿಸುತ್ತದೆ. ಕಣ್ಣು ಕಟ್ಟಿದ್ದರಿಂದ ಅವ್ವನಿಗೆ ಆ ಕೈಯೂ ಕಾಣುವಂತಿರಲಿಲ್ಲ. ಅವಳು ಕುರ್ಚಿಯ ಹಿಡಿಕೆ ಹಿಡಿದು ಬಗ್ಗಿಯೇ ಬಿಟ್ಟಳು. ವೈರು ಜಗ್ಗಿತು, ಪರದೆಯ ತುಂಬ ನೆಲ ಕಂಡಿತು. ಅವ್ವನಿಗೆ ತಲೆಸುತ್ತು ಬಂತೆಂದು ಹುಡುಗಿ ಗಾಬರಿಯಿಂದ ಓಡಿಬಂದಳು.

ಅವ್ವ ಬಗ್ಗಿದಲ್ಲಿಂದಲೇ ನನ್ನನ್ನು ಕೇಳಿದಳು: "ಏನಂತಾಳಬೇ ಈಕಿ? ವಯಸ್ಸಾದಕಿಗೆ ಇಂಥಾ ಮಾತ ಆಡತಾರೇನು? ಇದು ಕಣ್ಣಿನ ದವಾಖಾನಿ ಹೌದೋ ಅಲ್ಲೋ?"

ನಾನು ನಗುತ್ತಲೇ ಹುಡುಗಿಗೆ ಅರ್ಥ ಬಿಡಿಸಿ ಹೇಳಿದೆ. ಅವಳ ಮುಖ ಕೆಂಪಾಯಿತು, ಆಮೇಲೆ ಅವಳೂ ಹೊಟ್ಟೆ ಹಿಡಿದು ನಕ್ಕಳು. ಇನ್ನು ಮುಂದೆ ಕನ್ನಡದಲ್ಲಿ ನೀವೇ ಹೇಳಿ, ನಾನು ಕಲಿತುಕೊಳ್ಳುತ್ತೇನೆ ಎಂದಳು. ಹೀಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಅವ್ವಾ, ಬಲಕ್ಕ ಹೊರಳಿ ನೋಡು" ಎಂದೆ. ಮನೆಯಲ್ಲಿ ದಿನಾ ಹೇಳುತ್ತಿದ್ದ ಮಾತೇ.

ಅವ್ವ ಕತ್ತು ಹೊರಳಿಸಿದಳು. ಪರದೆಯ ಮೇಲೆ ಬಲಗಡೆಯಿಂದ ಒಂದು ಕೆಂಪು ಕಾರು ಬರುತ್ತಿತ್ತು. ಹಸಿರು ಚುಕ್ಕೆ ಮಾತ್ರ ಎಡಗಡೆಯ ಅಂಗಡಿಯ ಬಾಗಿಲು ಬಿಟ್ಟು ಕದಲಲಿಲ್ಲ.

"ನೋಡಿದೇನು?"

"ನೋಡಿದೆ. ಏನೂ ಇಲ್ಲ, ರಸ್ತೆ ಖಾಲಿ ಅದ."

ಕಾರು ಅವಳ ಮುಂದೆಯೇ ಹಾದುಹೋಯಿತು. ಹುಡುಗಿ ಚುಕ್ಕೆಯ ಕಡೆಗೆ ಬೆರಳು ಮಾಡಿ ವಿವರಿಸಿದಳು. ಕತ್ತು ಬಲಕ್ಕೆ ಹೋದಷ್ಟೂ ಕಣ್ಣುಗುಡ್ಡೆ ಎಡಕ್ಕೆ ಜಾರುತ್ತದೆ, ತನಗೆ ಕಾಣುವ ಕಡೆಗೇ ಅಂಟಿಕೊಳ್ಳುತ್ತದೆ. ಇಂಥವರಲ್ಲಿ ಹೀಗಾಗುವುದುಂಟು, ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ ಎಂದಳು.

ನಾವು 'ಹೊರಳಿ ನೋಡು' ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅವ್ವ ಪಾಪ, ಹೊರಳಿದ್ದಳು. ಅಂದು ರಸ್ತೆಯಲ್ಲಿಯೂ ಹೊರಳಿದ್ದಳು. ಹಟವೂ ಅಲ್ಲ, ಮರುಳೂ ಅಲ್ಲ. ಆ ಕುರ್ಚಿಯ ಪಕ್ಕದಲ್ಲಿ ನಿಂತು ನಾನು ಸ್ವಲ್ಪ ಅತ್ತೆ. ಪೆಟ್ಟಿಗೆಯೊಳಗಿದ್ದ ಅವ್ವನಿಗೆ ಅದು ಕಾಣಲಿಲ್ಲ.

ಅಂದಿನಿಂದ ಮಾತು ಬದಲಾಯಿತು: ಮೊದಲು ಕಣ್ಣು, ಆಮೇಲೆ ಕುತ್ತಿಗೆ. ಅವ್ವ ಅದಕ್ಕೆ ತನ್ನದೇ ಹೆಸರಿಟ್ಟಳು. "ತಡಿ, ಕಣ್ಣು ಒಗೀತೀನಿ" ಎನ್ನುವಳು, ಕಲ್ಲು ಎಸೆದಂತೆ. ಚುಕ್ಕೆ ಛಂಗನೆ ಪರದೆಯ ಬಲತುದಿಗೆ ಹಾರುತ್ತಿತ್ತು. ಹುಡುಗಿಯೂ "ಆಜಿ, ಕಣ್ಣು ಒಗೀರಿ" ಎಂದು ಕಲಿತಳು. ಅವ್ವ ಅವಳ ಉಚ್ಚಾರವನ್ನು ಅಣಕಿಸಿದರೆ, ಅವಳು ಗಾಡಿಗಳ ವೇಗ ಹೆಚ್ಚಿಸಿ ಸೇಡು ತೀರಿಸಿಕೊಳ್ಳುತ್ತಿದ್ದಳು. ಹೋದ ನೋಟ ತಿರುಗಿ ಬರಲಿಲ್ಲ, ಬರುವುದಿಲ್ಲವೆಂದು ಮೊದಲೇ ಹೇಳಿದ್ದರು. ಅದಿಲ್ಲದ ಕಡೆಗೆ ಕಣ್ಣನ್ನು ಕಳಿಸುವ ರೂಢಿ ಮಾತ್ರ ಬಂತು. ನಾಸಿಕ್‌ನಲ್ಲಿ ನಾನು ಪಕ್ಕದಲ್ಲಿ ನಡೆಯುತ್ತ, ಮೊದಮೊದಲು ಕೈ ಹಿಡಿದು, ಆಮೇಲೆ ಬಿಟ್ಟು, ಅದೇ ರಸ್ತೆ ದಾಟಿಸಿದೆ. ಇನ್ನು ಒಬ್ಬರೇ ಹೋಗಬಹುದು ಎಂದು ಆ ಹುಡುಗಿ ಹೇಳಿದ ಮೇಲೂ ನಾನು ಇಂದು ನಾಳೆ ಎಂದು ಮುಂದೂಡುತ್ತಿದ್ದೆ.

ಕೊನೆಗೆ ಒಂದು ಬೆಳಿಗ್ಗೆ ಅವ್ವ ನನ್ನನ್ನು ಕೇಳದೆಯೇ ಡಬ್ಬಿ ಎತ್ತಿಕೊಂಡು ಹೊರಟಳು. ನಾನು ಗೇಟಿನವರೆಗೆ ಹೋದೆ. ಅವಳು ರಸ್ತೆಯಂಚಿಗೆ ನಿಂತಳು. ಕುತ್ತಿಗೆಗಿಂತ ಮೊದಲು ಕಣ್ಣು ಬಲಕ್ಕೆ ಹಾರಿದ್ದನ್ನು ಕಂಡೆ. ಒಂದು ಸ್ಕೂಟರ್, ಅದರ ಹಿಂದೆ ಒಂದು ರಿಕ್ಷಾ ಹೋಗಲು ಬಿಟ್ಟಳು. ಇನ್ನೊಮ್ಮೆ ಕಣ್ಣು ಒಗೆದಳು. ದಾಟಿದಳು. ನಾನು ಗೇಟು ಹಿಡಿದುಕೊಂಡೇ ನಿಂತಿದ್ದೆ.

ಗಿರಣಿಯ ಕಟ್ಟೆಯ ಮೇಲೆ ಕುಳಿತು ಅವ್ವ ಅಲ್ಲಿಂದಲೇ ಕೂಗಿದಳು: "ಅಲ್ಲೇ ಯಾಕ ನಿಂತೀಬೇ? ಇವರೆಲ್ಲ ನಗಾಕತ್ತಾರ. ಒಳಗ ಹೋಗು."

ನಾನು ಒಳಗೆ ಹೋದೆ.