ಬೀಗದವರು ಕಾದ ಪೆಟ್ಟಿಗೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಹೇಳುತ್ತಾಳೆ. ಆ ಸೋಮವಾರ ಅದು ಮೂಗಿನಿಂದ ಇಳಿದು ನಾಲಿಗೆಗೇ ಬಂದಿತ್ತು. ನಮ್ಮದು ಎರಡು ಕೋಣೆ, ಒಂದು ಹಜಾರದ ಎಕ್ಸ್‌ರೇ ಕೇಂದ್ರ. ಮುಂದಿನ ಮೇಜಿನಲ್ಲಿ ಅಕ್ಕ ಹೆಸರು ಬರೆದುಕೊಳ್ಳುತ್ತಾಳೆ, ಒಳಗೆ ಫಿಲ್ಮಣ್ಣ ಚಿತ್ರ ತೆಗೆಯುತ್ತಾನೆ. ಫಿಲ್ಮು ಹೋಗಿ ಕಂಪ್ಯೂಟರ್ ಬಂದು ಎಷ್ಟೋ ಕಾಲವಾದರೂ ಅವನಿಗೆ ಆ ಹೆಸರು ಮಾತ್ರ ಅಂಟಿಕೊಂಡೇ ಇದೆ. ತೆಗೆದ ಚಿತ್ರಗಳು ಇಂಟರ್ನೆಟ್ಟಿನ ಮೂಲಕ ದೂರದ ಡಾಕ್ಟರರಿಗೆ ಹೋಗಬೇಕು, ಅವರು ನೋಡಿ ವರದಿ ಬರೆಯಬೇಕು. ಅಂದು ಒಂದೇ ಒಂದು ಚಿತ್ರವೂ ಹೊಸಿಲು ದಾಟಲಿಲ್ಲ. ಮೇಜಿನ ಫೋನಿಗೂ ಜೀವವಿರಲಿಲ್ಲ. ಹಜಾರದಲ್ಲಿ ಹನ್ನೊಂದು ಜನ ಕೈಯನ್ನೋ ಪಕ್ಕೆಯನ್ನೋ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದರು.

ಬೀದಿ ತುದಿಯ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದೆ. ಅವನು ಗೋಡೆಯ ಗೂಡಿನಲ್ಲಿದ್ದ ಫೈರ್‌ವಾಲ್ ರೂಟರಿನ ಮುಂದೆ ಕಾಲು ಗಂಟೆ ಕೂತ. ಒಳಗಿನ ನಮ್ಮ ಯಂತ್ರಗಳಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ಕಾವಲು ಕೂತ ಪೆಟ್ಟಿಗೆ ಅದು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ನಿಯಮಗಳೆಲ್ಲ ಅದರ ಹೊಟ್ಟೆಯಲ್ಲಿರುತ್ತವೆ.

"ಇದರಲ್ಲಿ ಆರು ವರ್ಷದ ಹಿಂದಿನ ನಿಯಮ ಮಾತ್ರ ಇದೆ" ಎಂದ ಅವನು. "ಆಮೇಲೆ ಹಾಕಿದ್ದನ್ನ ಯಾರೂ ಸೇವ್ ಮಾಡೇ ಇಲ್ಲ. ಕರೆಂಟ್ ಇರೋವರೆಗೆ ನಡೀತು. ಶನಿವಾರ ಮೀಟರ್ ಬೋರ್ಡ್ ಬದಲಾಯಿಸೋಕೆ ಮೂರು ಗಂಟೆ ಕರೆಂಟ್ ತೆಗೆದ್ರಲ್ಲ, ಆಗ ಎಲ್ಲಾ ಮರೆತುಬಿಟ್ಟಿದೆ."

ನಿಯಮ ಹಾಕಿದವರು ಎಲ್ಲರೂ ಬೀಗದವರು ಎಂದೇ ಕರೆಯುತ್ತಿದ್ದ ಮನುಷ್ಯ. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಆದರೂ ನಾನು ಹಜಾರದ ಮಧ್ಯೆ ನಿಂತು ಬಾಯಿಗೆ ಬಂದಂತೆ ಅಂದೆ. ಇಷ್ಟು ವರ್ಷ ಓಡಾಡಿದ ಮನುಷ್ಯ ಒಂದು ಗುಂಡಿ ಒತ್ತುವುದನ್ನು ಮರೆತ, ನಮ್ಮನ್ನು ಬೀದಿಗೆ ತಂದ ಎಂದೆ. ಸಂಜೆಯ ಹೊತ್ತಿಗೆ ಮಹಡಿಯ ದಂತವೈದ್ಯರು ತಮ್ಮ ಪೆಟ್ಟಿಗೆಯನ್ನು ಬೇರೆಯವರಿಂದ ಪರೀಕ್ಷೆ ಮಾಡಿಸಿದರು. ಪಕ್ಕದ ವಕೀಲರೂ ಮಾಡಿಸಿದರು. ಅಲ್ಲೂ ಬೀಗದವರೇ ಕೆಲಸ ಮಾಡಿದ್ದರು.

ಅವರು ನಿಜಕ್ಕೂ ಬೀಗ ರಿಪೇರಿಯವರು. ಬಸ್ ನಿಲ್ದಾಣದ ಪಕ್ಕದ ಕಿರಿದಾದ ಅಂಗಡಿಯಲ್ಲಿ ಅರ ಹಿಡಿದು ಕೀಲಿಕೈ ಉಜ್ಜುತ್ತಿದ್ದವರು. ಐವತ್ತು ದಾಟಿದ ಮೇಲೆ, ಯಾರೋ ಎಸೆದ ಹಳೆಯ ರೂಟರನ್ನು ಬಿಚ್ಚಿ ನೋಡಿ, "ಇದೂ ಬೀಗಾನೇ, ಕೀಲಿಕೈ ಮಾತ್ರ ಕಾಣಲ್ಲ" ಎಂದುಕೊಂಡು ಒಬ್ಬರೇ ಕಲಿತರು. ಕನ್ನಡಕ ಹಣೆಗೇರಿಸಿ, ಇಂಗ್ಲಿಷ್ ಆಜ್ಞೆಗಳನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ಮಾತು ಕಡಿಮೆ. ಚಹಾ ಕೊಟ್ಟರೆ ಕುಡಿದು ಲೋಟ ತೊಳೆದಿಟ್ಟೇ ಹೋಗುತ್ತಿದ್ದರು.

ಮಂಗಳವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅವರ ಮಗಳು ಮೆಟ್ಟಿಲ ಮೇಲೆ ನಿಂತಿದ್ದಳು. ಕಾಲೇಜೊಂದರ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವಳು. ಅಂದು ರಜೆ ಹಾಕಿ ಬಂದಿದ್ದಳು.

"ಸಾರ್, ಅಪ್ಪನ ಬಗ್ಗೆ ನೀವು ಅಂದ ಮಾತು ಅಮ್ಮನ ಕಿವಿವರೆಗೂ ಬಂತು" ಎಂದಳು. "ನಿನ್ನೆಯಿಂದ ಅವರು ಯಾರ ಜೊತೇನೂ ಮಾತಾಡ್ತಿಲ್ಲ. ಅಪ್ಪ ಸೇವ್ ಮಾಡದೆ ಎದ್ದು ಬರೋರಲ್ಲ. ನಾನೊಂದ್ಸಲ ಪೆಟ್ಟಿಗೆ ನೋಡ್ಲಾ? ತಪ್ಪು ಅವರದೇ ಆಗಿದ್ರೆ ಒಪ್ಕೊಂಡು ಹೋಗ್ತೀನಿ."

ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ತೋರಿಸುವ ಅಭ್ಯಾಸ ನನಗಿಲ್ಲ. "ನೋಡಮ್ಮ, ಕೆಲಸ ಸರಿಹೋದ್ರೆ ಸಾಕು" ಎಂದು ಗೂಡು ತೋರಿಸಿದೆ.

ಅವಳು ಮೊದಲು ಕೇಳಿದ್ದು ಅಕ್ಕನನ್ನು. ಅಪ್ಪ ನಿಯಮಗಳ ನಕಲನ್ನು ಮೇಜಿನ ಹಳೆಯ ಕಂಪ್ಯೂಟರಿನಲ್ಲಿ ಇಟ್ಟಿರಬಹುದು, ಅದು ಎಲ್ಲಿದೆ ಎಂದಳು. ಅಕ್ಕ ನನ್ನ ಕಡೆ ನೋಡಿದಳು. ಅದನ್ನು ಎರಡು ತಿಂಗಳ ಹಿಂದೆ ನಾನೇ ಗುಜರಿಗೆ ಹಾಕಿಸಿದ್ದೆ, ಒಳಗೆ ಏನಿದೆ ಎಂದು ತೆರೆದೂ ನೋಡದೆ. ಹುಡುಗಿ ತನ್ನ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಏನಾದರೂ ಒತ್ತುತ್ತಾಳೆ ಎಂದು ಕಾದೆ. ಅವಳು ಒತ್ತಲಿಲ್ಲ. ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಬೀಳುತ್ತಿದ್ದವು, ಅವಳು ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದಳು. ಅರ್ಧ ಗಂಟೆ ಹೀಗೇ ಹೋಯಿತು. ನನಗೆ ಕೂತಲ್ಲಿ ಮುಳ್ಳು ಚುಚ್ಚಿದ ಹಾಗಾಯಿತು.

"ಬರೀ ನೋಡ್ತಾ ಕೂತ್ರೆ ಆಗುತ್ತೇನಮ್ಮ?"

"ಬಾಗಿಲು ತಟ್ಟಿ ವಾಪಸ್ ಹೋದವರ ಪಟ್ಟಿ ಇದು ಸಾರ್. ಯಾರನ್ನ ಬಿಡಬೇಕಿತ್ತು ಅಂತ ನಮಗೆ ನೆನಪಿಲ್ಲ. ಆದ್ರೆ ಒಳಗಿರೋ ಯಂತ್ರಗಳಿಗೆ ನೆನಪಿದೆ. ಅವು ಹೊರಗೆ ಹೋಗೋಕೆ ತಟ್ತಾನೇ ಇವೆ. ಇದು ನೋಡಿ, ಅರ್ಧ ನಿಮಿಷಕ್ಕೊಂದ್ಸಲ ತಟ್ಟುತ್ತೆ, ಡಾಕ್ಟರ್ ಕಡೆಗೆ. ಚಿತ್ರದ ಯಂತ್ರ. ಇದು ಫೋನು. ಇನ್ನೊಂದು ಇದೆ, ಗಂಟೆಗೊಂದೇ ಸಲ ಬರುತ್ತೆ, ಅದೂ ಟೈಮ್ ಎಷ್ಟು ಅಂತ ಕೇಳೋಕೆ."

ನಾನು ಬಗ್ಗಿ ನೋಡಿದೆ. ನನಗೆ ಕಂಡದ್ದು ಇರುವೆ ಸಾಲಿನಂಥ ಅಂಕಿಗಳು. ಅವಳು ಆ ಅಂಕಿಗಳಲ್ಲಿ ಒಂದನ್ನು ನೋಡಿ, ಎದ್ದು ಹೋಗದೆಯೇ, "ಫಿಲ್ಮಣ್ಣ, ನಿಮ್ಮ ಕೋಣೆ ಕಿಟಕಿ ಪಕ್ಕ ಏನಿದೆ?" ಎಂದು ಕೂಗಿ ಕೇಳಿದಳು. ಕಿಟಕಿ ಪಕ್ಕ ಚಿತ್ರಗಳನ್ನು ಕೂಡಿಡುವ ಕಂಪ್ಯೂಟರ್ ಇತ್ತು. ಫಿಲ್ಮಣ್ಣ ಬಾಗಿಲಲ್ಲಿ ಬಂದು ನಿಂತು ಅವಳನ್ನು ಕಣ್ಣು ಬಾಯಿ ಬಿಟ್ಟು ನೋಡಿದ.

"ನಿನಗೆ ಹೇಗೆ ಗೊತ್ತಾಯ್ತು ಮಗಳೇ?" ಎಂದಳು ಅಕ್ಕ.

"ಅಪ್ಪ ಯಂತ್ರಗಳಿಗೆ ಹಾಕಿರೋ ನಂಬರ್ ನೋಡಿ ದೊಡ್ಡಮ್ಮ. ಹತ್ತರ ಸಾಲು ಹಜಾರ, ಇಪ್ಪತ್ತರ ಸಾಲು ಚಿತ್ರದ ಕೋಣೆ, ಮೂವತ್ತು ಸಾರ್ ಕೋಣೆ. ಬಾಗಿಲಿಂದ ಶುರುಮಾಡಿ ಗೋಡೆಗುಂಟ ಎಣಿಸ್ತಾ ಹೋಗಿದ್ದಾರೆ, ಕೊನೇ ನಂಬರ್ ಕಿಟಕಿ ಪಕ್ಕ ಬೀಳುತ್ತೆ. ಅಂಗಡೀಲಿ ಕೀಲಿಕೈಗಳನ್ನೂ ಹೀಗೇ ಮೊಳೆಗೆ ಹಾಕ್ತಿದ್ರು, ಮನೆಗೊಂದು ಸಾಲು. ಕಣ್ಣು ಮುಚ್ಕೊಂಡು ತೆಗೀತಿದ್ರು." ಇದನ್ನು ಹೇಳುವಾಗ ಅವಳು ಮೊದಲ ಸಲ ನಕ್ಕಳು.

ಅಲ್ಲಿಂದ ಮುಂದೆ ಗದರುವ ಮನಸ್ಸೇ ನನಗೆ ಬರಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಅವಳ ಬೆನ್ನ ಹಿಂದೆ ಕೂತೆ. ತಟ್ಟಿದ ಒಂದೊಂದನ್ನೂ ಅವಳು ಗುರುತು ಹಿಡಿದು, ಅದಕ್ಕೆ ಬೇಕಾದಷ್ಟೇ ಬಾಗಿಲು ತೆರೆಯುತ್ತಿದ್ದಳು. ಕಳೆದುಹೋದ ಆರು ವರ್ಷವನ್ನು ನಿರಾಕರಣೆಗಳನ್ನೇ ಓದಿ ತಿರುಗಿ ಕಟ್ಟುತ್ತಿದ್ದಳು. ಇಂಥದ್ದೊಂದು ಸಾಧ್ಯ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಡಾಕ್ಟರರ ಬಾಗಿಲು. ಹಳೆಯ ಚಿತ್ರ ಬೇಕಾದಾಗ ಅವರು ಹೊರಗಿನಿಂದ ನಮ್ಮೊಳಗೆ ಬರುತ್ತಾರೆ. ಅದಕ್ಕಾಗಿ ಅವಳು ಹೊರಗಿನಿಂದ ತಟ್ಟುವವರ ಪಟ್ಟಿ ತೆರೆದಳು. ಪರದೆ ತುಂಬಿ ಹರಿಯಿತು. ಸೆಕೆಂಡಿಗೊಂದು, ಎರಡು, ಒಮ್ಮೊಮ್ಮೆ ಐದಾರು.

"ಯಾರಮ್ಮ ಇವರೆಲ್ಲ?"

"ಗೊತ್ತಿಲ್ಲ ಸಾರ್. ಪ್ರಪಂಚದ ಯಾವ್ಯಾವುದೋ ಮೂಲೆಯಿಂದ. ಬೀಗ ಹಾಕಿದೆಯಾ ಇಲ್ವಾ ಅಂತ ಅಲ್ಲಾಡಿಸಿ ನೋಡ್ತಾರೆ. ನಿಮ್ಮದೊಂದೇ ಅಲ್ಲ, ಎಲ್ಲರ ಬಾಗಿಲೂ ಹೀಗೇ, ಹಗಲು ರಾತ್ರಿ."

ನಾನು ಸಂಜೆ ಶಟರ್ ಎಳೆದು, ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಎಲ್ಲ ಭದ್ರವಾಯಿತು ಎಂದು ಮನೆಗೆ ಹೋಗುತ್ತಿದ್ದೆ. ಆಗಲೂ ನನಗೆ ಕಾಣದ ಒಂದು ಬಾಗಿಲನ್ನು ಸಾವಿರಾರು ಕೈಗಳು ತಟ್ಟುತ್ತಿದ್ದವು. ಲೋಟ ತೊಳೆದಿಟ್ಟು ಹೋಗುತ್ತಿದ್ದ ಆ ಮನುಷ್ಯ ಈ ಗದ್ದಲದ ಎದುರಿಗೆ ಒಬ್ಬರೇ ನಿಂತಿದ್ದರು. ಅದರ ಬಗ್ಗೆ ಒಂದು ದಿನವೂ ಜಂಬ ಕೊಚ್ಚಿಕೊಂಡವರಲ್ಲ.

"ಈ ಸಂತೇಲಿ ಡಾಕ್ಟರನ್ನ ಹೇಗೆ ಹುಡುಕ್ತೀಯ?"

ಅವಳು ಮೊಬೈಲಿನಲ್ಲಿ ಡಾಕ್ಟರಿಗೆ ಫೋನು ಮಾಡಿದಳು. ನಮ್ಮ ಯಂತ್ರದೊಳಗೆ ಬರಲು ಮೂರು ಸಲ ಪ್ರಯತ್ನ ಮಾಡಿ, ಇಪ್ಪತ್ತು ಎಣಿಸಿ, ಆಮೇಲೆ ಎರಡು ಸಲ ಮಾಡಿ ಎಂದಳು. ಯಾರ ಮಾತನ್ನೂ ಕೇಳದ ಆ ಡಾಕ್ಟರು ಮಗ್ಗಿ ಒಪ್ಪಿಸುವ ಹಾಗೆ ಜೋರಾಗಿ ಇಪ್ಪತ್ತರವರೆಗೆ ಎಣಿಸಿದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. ಮೂರು, ಬಿಡುವು, ಎರಡು. ಆ ಜನಜಂಗುಳಿಯ ನಡುವೆ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇವರೇ" ಎಂದಳು.

ಎರಡೂವರೆಗೆ ಮೊದಲ ಚಿತ್ರ ಹೋಯಿತು. ಒಬ್ಬ ಮುದುಕಿಯ ಮೊಣಕೈ ಅದು. ಹತ್ತು ನಿಮಿಷಕ್ಕೆ ವರದಿ ಬಂತು. ಫಿಲ್ಮಣ್ಣ ಆ ಕಾಗದವನ್ನು ಹಜಾರಕ್ಕೆಲ್ಲ ತೋರಿಸಿಕೊಂಡು ಬಂದ.

"ಈಗ ಸೇವ್ ಮಾಡಿಬಿಡಮ್ಮ, ಮತ್ತೆ ಪಜೀತಿ ಬೇಡ" ಎಂದೆ. ಸೇವ್ ಎನ್ನುವಾಗ ನನ್ನ ದನಿಯಲ್ಲಿ ಸಣ್ಣದೊಂದು ಕೊಂಕು ಇತ್ತು. ಇಷ್ಟಾದರೂ ಇತ್ತು.

ಅವಳು ಒತ್ತಿದಳು. ಪೆಟ್ಟಿಗೆ ಒಂದು ಸಾಲು ಉತ್ತರ ಕೊಟ್ಟಿತು. ಮತ್ತೆ ಒತ್ತಿದಳು. ಅದೇ ಸಾಲು. ಮೂರನೆಯ ಸಲವೂ ಅದೇ. ಆಮೇಲೆ ಬೇರೇನೋ ಕೇಳಿದಳು, ಬಂದ ಉತ್ತರವನ್ನು ತುಟಿ ಅಲ್ಲಾಡಿಸುತ್ತ ಓದಿದಳು.

"ಸಾರ್, ಇದು ಬರ್ಕೊಳ್ತಾನೇ ಇಲ್ಲ. ಉಳಿಸಿಕೊಳ್ಳೋ ಚಿಪ್ಪೇ ಕೆಟ್ಟಿದೆ. ಕೊನೇ ಸಲ ಬರ್ಕೊಂಡಿದ್ದು ಆರು ವರ್ಷದ ಹಿಂದೆ. ಆಮೇಲೆ ಯಾರು ಎಷ್ಟು ಸಲ ಸೇವ್ ಒತ್ತಿದ್ರೂ ಅಷ್ಟೇ." ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಅಪ್ಪ ಮರೆತಿರಲಿಲ್ಲ."

ಅಕ್ಕ ಬಂದು ಅವಳ ತಲೆಯ ಮೇಲೆ ಕೈಯಿಟ್ಟಳು. ಹುಡುಗಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಆರೋಪವಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದಳು.

"ಆದ್ರೆ ಅವರು ನಿಮಗೆ ಯಾಕೆ ಹೇಳಲಿಲ್ಲ ಸಾರ್?"

ಹೇಳಿದ್ದರು. ಪೆಟ್ಟಿಗೆಗೆ ಮರೆವು ಹಿಡಿದಿದೆ, ಬೇರೆ ತರಿಸೋಣ ಎಂದು ಚಹಾ ಲೋಟ ಹಿಡಿದು ಇದೇ ಗೂಡಿನ ಮುಂದೆ ನಿಂತು ಹೇಳಿದ್ದರು. "ಮರೆವು ನನಗೂ ಹಿಡಿದಿದೆ, ನನ್ನನ್ನೂ ಬದಲಾಯಿಸ್ತೀರಾ?" ಎಂದು ನಾನು ನಕ್ಕಿದ್ದೆ. ಇನ್ನೊಂದು ಸಲ ಹೇಳಿದಾಗ, ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂದಿದ್ದೆ. ಮೂರನೆಯ ಸಲ ಪೂರ್ತಿ ಕೇಳಿಸಿಕೊಳ್ಳದೆ ಒಳಗೆ ಹೋಗಿದ್ದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಈಗ ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಬೆಳಗಿನಿಂದ ಅವಳ ಕೆಲಸ ನೋಡಿದ ಮೇಲೆ ನಿಜವನ್ನು ನುಂಗಿಕೊಳ್ಳಲು ನನ್ನಿಂದಾಗಲಿಲ್ಲ.

"ಹೇಳಿದ್ರಮ್ಮ. ಮೂರು ಸಲ ಹೇಳಿದ್ರು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ."

ಅವಳು ಪೆಟ್ಟಿಗೆಯ ಕಡೆ ಬಗ್ಗಿದಳು. ಅದರ ಕೆಳಗೆ ಗಂಟೆ ಹೊತ್ತಷ್ಟೇ ತಡೆಯುವ ಬ್ಯಾಟರಿಯೊಂದಿತ್ತು, ಕರೆಂಟ್ ಅದಕ್ಕಿಂತ ಹೆಚ್ಚು ಹೊತ್ತು ಹೋದರೆ ಇನ್ನೊಂದನ್ನು ಸೇರಿಸಲು ಪಕ್ಕದಲ್ಲಿ ಎರಡು ಕ್ಲಿಪ್ಪು ಕಟ್ಟಿಟ್ಟಿದ್ದವು. ಆ ಕ್ಲಿಪ್ಪುಗಳನ್ನು ಕೈಗೆ ತೆಗೆದುಕೊಂಡಳು.

"ಕರೆಂಟ್ ಹೋದ್ರೆ ಅಪ್ಪ ಊಟ ಮಾಡ್ತಿದ್ದವರು ಹಾಗೇ ಎದ್ದು ಓಡ್ತಿದ್ರು ಸಾರ್. ಬ್ಯಾಟರಿ ಚೀಲಕ್ಕೆ ಹಾಕ್ಕೊಂಡು. ನಮಗೆ ಒಂದು ಮೇಣದಬತ್ತಿ ಹಚ್ಚಿಕೊಡೋಕೂ ನಿಲ್ತಿರಲಿಲ್ಲ. ಎಲ್ಲಿಗೆ ಅಂದ್ರೆ ಕೆಲಸ ಇದೆ ಅಂತಿದ್ರು, ಅಷ್ಟೇ. ನೆಪ ಸಿಕ್ಕಿದ್ರೆ ಸಾಕು ಮನೆ ಬಿಟ್ಟು ಹೋಗ್ತಾರೆ ಅಂತ ಅಮ್ಮ ಐದು ವರ್ಷ ಬೈದ್ರು."

ಕರೆಂಟು ಹೋದಾಗಲೆಲ್ಲ ಅವರು ಇಲ್ಲಿ ಬಂದು ಕೂರುತ್ತಿದ್ದದ್ದು ನನಗೆ ಗೊತ್ತಿತ್ತು. ಕತ್ತಲಲ್ಲಿ ಅಂಗಡಿ ಕೆಲಸ ಸಾಗುವುದಿಲ್ಲ, ಹರಟೆಗೆ ಬರುತ್ತಾರೆ ಎಂದು ತಿಳಿದು ತಮಾಷೆ ಮಾಡುತ್ತಿದ್ದೆ. ನಾನು ಬದಲಿಸದ ಪೆಟ್ಟಿಗೆಯ ನೆನಪು ಆರದಂತೆ ಅವರು ಸಾಯುವವರೆಗೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಹುಡುಗಿ ಮೊಬೈಲು ತೆಗೆದು ಮನೆಗೆ ಫೋನು ಹಚ್ಚಿದಳು. "ಅಮ್ಮಾ, ಅಪ್ಪ ಎಲ್ಲಿಗೆ ಹೋಗ್ತಿದ್ರು ಅಂತ ಗೊತ್ತಾಯ್ತು. ತಡಿ, ಸಾರ್ ಹೇಳ್ತಾರೆ" ಎಂದು ಅದನ್ನು ನನ್ನ ಕೈಗಿಟ್ಟಳು.

ಹಜಾರದಲ್ಲಿ ಎಲ್ಲರೂ ನನ್ನತ್ತಲೇ ನೋಡುತ್ತಿದ್ದರು. ನಾನು ನಿನ್ನೆ ನಿಂತಿದ್ದ ಜಾಗಕ್ಕೇ ಹೋಗಿ ನಿಂತೆ.

"ಅಮ್ಮಾ, ನಾನು ಎಕ್ಸ್‌ರೇ ಅಂಗಡಿಯವನು" ಎಂದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ಕರೆಂಟ್ ಹೋದಾಗಲೆಲ್ಲ ನಿಮ್ಮ ಯಜಮಾನರು ನನ್ನ ತಪ್ಪು ಕಾಯೋಕೆ ಬರ್ತಿದ್ರು."